ವಿಜ್ಞಾನಿಯ ಮಾತು, ಮಾರ್ಕೆಟಿಂಗ್‌ನವರ ಕೈ

ಸಂಶೋಧನಾ ಸಂಸ್ಥೆಗಳಲ್ಲಿ ಹೊಸ ಪೇಪರ್ (ಸಂಶೋಧನಾ ಪ್ರಬಂಧ) ಬಂದ ಸುದ್ದಿ ಮಾರ್ಕೆಟಿಂಗ್ ತಂಡಕ್ಕೆ ತಿಳಿಯುವುದು ಬಹಳ ಸಲ ಅದು ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ. "ಇದರ ಬಗ್ಗೆ ಏನಾದರೂ ಬರೆದು ಹಾಕಿ" ಅಂತ ಒಂದು ಲಿಂಕ್ ಬರುತ್ತದೆ, ಅಷ್ಟೆ. ಆ ಹೊತ್ತಿಗೆ ಪತ್ರಕರ್ತರಿಗೆ ಅದು ಹಳಸಿದ ಸುದ್ದಿ. ವಿಜ್ಞಾನಿಯ ತಲೆ ಆಗಲೇ ಮುಂದಿನ ಪ್ರಯೋಗದಲ್ಲಿ ಮುಳುಗಿರುತ್ತದೆ. ಪ್ರಯೋಗ ಮಾಡಿದ ವಿದ್ಯಾರ್ಥಿ ಊರು ಬಿಟ್ಟು ಹೋಗಿರುತ್ತಾರೆ. ಫೋಟೊ ಕೇಳಿದರೆ ಉಪಕರಣ ಬಿಚ್ಚಿಟ್ಟಾಗಿದೆ ಎಂಬ ಉತ್ತರ ಬರುತ್ತದೆ.

ಪೇಪರ್ ಸ್ವೀಕೃತವಾಯಿತು ಎಂಬ ಇಮೇಲ್ ಬಂದ ದಿನವೇ ಅದನ್ನು ಮಾರ್ಕೆಟಿಂಗ್ ತಂಡಕ್ಕೆ ಕಳಿಸಿಬಿಟ್ಟರೆ ಈ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ. ಸ್ವೀಕೃತಿಗೂ ಪ್ರಕಟಣೆಗೂ ನಡುವೆ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಸಮಯ ಸಿಗುತ್ತದೆ. ಸಂದರ್ಶನ, ಕರಡು, ಚಿತ್ರ, ಸಹಲೇಖಕರ ಒಪ್ಪಿಗೆ, ಹಣ ಕೊಟ್ಟ ಸಂಸ್ಥೆಯ ಹೆಸರನ್ನು ಅವರು ಹೇಳಿದ ರೀತಿಯಲ್ಲೇ ಬರೆಯುವುದು, ಎಲ್ಲವೂ ಆ ಸಂದಿಯಲ್ಲಿ ಮುಗಿಯಬೇಕು.

ಬರೆಯಲು ಕೂರುವ ಮುಂಚೆ ಎರಡು ವಿಷಯ ಖಚಿತ ಮಾಡಿಕೊಳ್ಳಿ. ಮೊದಲನೆಯದು ಪೇಟೆಂಟ್. ಯುರೋಪಿನಲ್ಲಿ ಅರ್ಜಿ ಹಾಕುವ ಮುಂಚೆ ಆವಿಷ್ಕಾರವನ್ನು ಬಹಿರಂಗಪಡಿಸಿದರೆ ಅದು ಹೊಸದು ಎನ್ನುವ ಅರ್ಹತೆಯೇ ಹೋಗುತ್ತದೆ. ಅಮೆರಿಕದಲ್ಲಿ ಒಂದು ವರ್ಷದ ರಿಯಾಯಿತಿ ಇದೆ. ಬಹಿರಂಗ ಅಂದರೆ ಜರ್ನಲ್ ಮಾತ್ರ ಅಲ್ಲ. ಸಮ್ಮೇಳನದ ಪೋಸ್ಟರ್, ಸಂಸ್ಥೆಯ ಜಾಲತಾಣದ ಸುದ್ದಿ, ಪ್ರಯೋಗಾಲಯದಲ್ಲಿ ತೆಗೆದ ಒಂದು ನಿಮಿಷದ ವಿಡಿಯೊ, ಯಾವುದೂ ಆಗಬಹುದು. ಅದಕ್ಕೇ ಮೊದಲ ಸಂದೇಶದಲ್ಲೇ ನೇರವಾಗಿ ಕೇಳಿ: "ಇದರ ಮೇಲೆ ಪೇಟೆಂಟ್ ಅರ್ಜಿ ಹಾಕುವ ಯೋಚನೆ ಇದೆಯೇ? ಹಾಕಿ ಆಗಿದೆಯೇ?"

ಎರಡನೆಯದು ಎಂಬಾರ್ಗೋ. ಅಂದರೆ, ಇಂಥ ದಿನ ಇಂಥ ಗಂಟೆಗೆ ಮುಂಚೆ ಯಾರೂ ಸುದ್ದಿ ಮಾಡಕೂಡದು ಎಂದು ಜರ್ನಲ್ ಹಾಕುವ ತಡೆ. ನೇಚರ್ ಪತ್ರಿಕೆಯ ತಡೆ ತೆರೆಯುವುದು ಸಾಮಾನ್ಯವಾಗಿ ಬುಧವಾರ ಲಂಡನ್ ಸಮಯ ಸಂಜೆ 4ಕ್ಕೆ. ಸೈನ್ಸ್ ಪತ್ರಿಕೆಯದು ಗುರುವಾರ ಅಮೆರಿಕದ ಪೂರ್ವ ಕರಾವಳಿಯ ಸಮಯ ಮಧ್ಯಾಹ್ನ 2ಕ್ಕೆ. ತಪ್ಪು ಆಗುವುದು ಬಹುತೇಕ ಗಡಿಯಾರದಲ್ಲೇ. ಲಂಡನ್ನಿನಲ್ಲೂ ಅಮೆರಿಕದಲ್ಲೂ ವರ್ಷಕ್ಕೆ ಎರಡು ಸಲ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಆಗುತ್ತದೆ, ಅದೂ ಬೇರೆ ಬೇರೆ ವಾರಗಳಲ್ಲಿ. ಜಾಲತಾಣದಲ್ಲಿ ಪುಟವನ್ನು ಮೊದಲೇ ಸಮಯಕ್ಕೆ ಕಟ್ಟಿಟ್ಟಿದ್ದರೆ ಅದು ಒಂದು ಗಂಟೆ ಮುಂಚೆಯೇ ತೆರೆದುಕೊಂಡು ಕೂರಬಹುದು. ಆದ್ದರಿಂದ ಕರಡಿನ ನೆತ್ತಿಯ ಮೇಲೆ ಎರಡೂ ಸಮಯ ಬರೆಯಿರಿ: ಜರ್ನಲ್ ಹೇಳಿದ ಊರಿನ ಸಮಯ, ಮತ್ತು ಗುಂಡಿ ಒತ್ತುವವರ ಊರಿನ ಸಮಯ.

ಯಾರ ಮಾತು ಎಲ್ಲಿ ನಡೆಯಬೇಕು

ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಹಾಗೆ ಆಗುವುದು ಈ ಕೆಲಸದಲ್ಲಿ ಮಾಮೂಲು. ವಿಜ್ಞಾನಿಗೆ ಒಂದೊಂದು ವಾಕ್ಯಕ್ಕೂ ನಾಲ್ಕು ಷರತ್ತು ಬೇಕು, ಮಾರ್ಕೆಟಿಂಗ್‌ನವರಿಗೆ ಒಂದು ಷರತ್ತೂ ಬೇಡ. ಕರಡು ಹತ್ತು ಸಲ ಓಡಾಡಿ ಕೊನೆಗೆ ಇಬ್ಬರಿಗೂ ಬೇಡವಾದ ಪಠ್ಯ ಉಳಿಯುತ್ತದೆ. ಇದಕ್ಕೆ ಮದ್ದು ಅಧಿಕಾರ ಹಂಚಿಕೆ. ಕೆಲಸ ಶುರುವಾಗುವ ದಿನವೇ ಎರಡು ಸಾಲು ಬರೆದು ಇಬ್ಬರೂ ಒಪ್ಪಿಕೊಳ್ಳಬೇಕು. ಒಂದು ವಾಕ್ಯ ನಿಜವೋ ಸುಳ್ಳೋ ಎಂಬುದರಲ್ಲಿ ವಿಜ್ಞಾನಿಯ ಮಾತೇ ಕೊನೆ. ಒಂದು ವಾಕ್ಯ ಹೊರಗಿನವರಿಗೆ ಅರ್ಥವಾಗುತ್ತದೆಯೋ ಇಲ್ಲವೋ ಎಂಬುದರಲ್ಲಿ ಬರೆಯುವವರ ಮಾತೇ ಕೊನೆ. "ಇದು ತಪ್ಪು" ಎಂದರೆ ಚರ್ಚೆಯಿಲ್ಲದೆ ತೆಗೆಯಬೇಕು. "ಇದು ನಮ್ಮ ಕ್ಷೇತ್ರದಲ್ಲಿ ಹೀಗೆ ಹೇಳುವ ರೂಢಿ ಇಲ್ಲ" ಎಂದರೆ ತೆಗೆಯಬೇಕಾಗಿಲ್ಲ. ಈ ಎರಡು ಆಕ್ಷೇಪಗಳ ನಡುವಿನ ವ್ಯತ್ಯಾಸ ಹಿಡಿಯಲು ಕಲಿತ ತಂಡದ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಇಂಥ ಹಂಚಿಕೆಗೆ ಒಂದು ಒಳ್ಳೆಯ ನಮೂನೆ ದ ಕಾನ್ವರ್ಸೇಶನ್. 2011ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ಈ ಜಾಲತಾಣದಲ್ಲಿ ಬರೆಯುವವರು ವಿಜ್ಞಾನಿಗಳು, ವಿದ್ವಾಂಸರು. ತಿದ್ದುವವರು ಪತ್ರಿಕೋದ್ಯಮದಲ್ಲಿ ಪಳಗಿದ ಸಂಪಾದಕರು. ತಿದ್ದಿದ ರೂಪಕ್ಕೆ ಲೇಖಕರು ಒಪ್ಪಿಗೆ ಕೊಡದ ಹೊರತು ಲೇಖನ ಹೊರಗೆ ಬರುವುದಿಲ್ಲ. ಲೇಖಕರಿಗೆ ಎಲ್ಲಿಂದ ಹಣ ಬರುತ್ತದೆ, ಯಾವ ಕಂಪನಿಯ ಜೊತೆ ಸಂಬಂಧ ಇದೆ ಎಂಬುದನ್ನು ಲೇಖನದ ಪಕ್ಕದಲ್ಲೇ ತೋರಿಸುತ್ತಾರೆ. ಈ ಎರಡನೆಯ ಅಭ್ಯಾಸವನ್ನು ಎಲ್ಲ ಸಂಸ್ಥೆಗಳೂ ಎತ್ತಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಿತಾಸಕ್ತಿಯನ್ನು ನಾವೇ ಹೇಳಿದರೆ ಅದು ಒಂದು ಮಾಹಿತಿ. ಬೇರೆಯವರು ಹುಡುಕಿ ತೆಗೆದರೆ ಅದೇ ಹಗರಣ.

ಸಹಲೇಖಕರು ಎಂಟು ಜನ ಇದ್ದರೆ ಎಂಟೂ ಜನರಿಂದ ತಿದ್ದುಪಡಿ ತರಿಸಿಕೊಳ್ಳಬೇಡಿ. ಒಬ್ಬರು ಎಲ್ಲರ ಪರವಾಗಿ ಮಾತಾಡಲಿ, ಉಳಿದವರಿಗೆ ಪ್ರತಿ ಕಳಿಸಿ, ತಪ್ಪು ಕಂಡರೆ ಮೂರು ದಿನದೊಳಗೆ ತಿಳಿಸಿ ಎಂದು ಕೇಳಿದರೆ ಸಾಕು. ಬೇರೆ ಸಂಸ್ಥೆಯ ಸಹಲೇಖಕರಿದ್ದರೆ ಅಲ್ಲಿನ ಪ್ರಚಾರ ವಿಭಾಗಕ್ಕೂ ಅದೇ ದಿನ ತಿಳಿಸಿ. ಒಂದೇ ಪೇಪರ್‌ಗೆ ಎರಡು ಸಂಸ್ಥೆಗಳಿಂದ ಎರಡು ಬೇರೆ ಬೇರೆ ಅಂಕಿ ಇರುವ ಪ್ರಕಟಣೆ ಹೊರಬಿದ್ದರೆ ಪತ್ರಕರ್ತರು ಎರಡನ್ನೂ ನಂಬುವುದಿಲ್ಲ.

ಮೊದಲ ಮಾತುಕತೆ

ಮುಕ್ಕಾಲು ಗಂಟೆ ಸಾಕು, ಆದರೆ ಆ ಮುಕ್ಕಾಲು ಗಂಟೆಯಲ್ಲಿ ಫೋನ್ ಬರಬಾರದು. ಆದಷ್ಟು ಪ್ರಯೋಗಾಲಯದಲ್ಲೇ ಕೂರಿ, ಒಪ್ಪಿಗೆ ಪಡೆದು ಧ್ವನಿ ಮುದ್ರಿಸಿಕೊಳ್ಳಿ. ಹೋಗುವ ಮುಂಚೆ ಪೇಪರ್‌ನ ಸಾರಾಂಶ, ಚಿತ್ರಗಳ ಕೆಳಗಿನ ಬರಹ ಮತ್ತು ಮಿತಿಗಳ ಬಗ್ಗೆ ಇರುವ ಪ್ಯಾರಾ, ಇಷ್ಟನ್ನಾದರೂ ಓದಿರಬೇಕು. ಮಿತಿಗಳ ಪ್ಯಾರಾ ಬಹಳ ಸಲ ಕೊನೆಯಿಂದ ಎರಡನೆಯದೋ ಮೂರನೆಯದೋ ಆಗಿರುತ್ತದೆ. ಅದನ್ನು ಓದಿ ಬಂದವರನ್ನು ವಿಜ್ಞಾನಿಗಳು ಮೊದಲ ಐದು ನಿಮಿಷದಲ್ಲೇ ಗುರುತಿಸುತ್ತಾರೆ, ಆಮೇಲೆ ಮಾತು ಸಲೀಸಾಗಿ ಬರುತ್ತದೆ.

"ನಿಮ್ಮ ಸಂಶೋಧನೆಯನ್ನು ಸರಳವಾಗಿ ಹೇಳಿ" ಎಂದು ಕೇಳಬೇಡಿ. ಅದಕ್ಕೆ ಬರುವ ಉತ್ತರ ಪೇಪರ್‌ನ ಸಾರಾಂಶವೇ, ಸ್ವಲ್ಪ ನಿಧಾನವಾಗಿ ಹೇಳಿದ್ದು. ಬದಲಿಗೆ ಇಂಥವನ್ನು ಕೇಳಿ. ಈ ಪ್ರಯೋಗಕ್ಕೆ ಮುಂಚೆ ನಿಮ್ಮ ಕ್ಷೇತ್ರದವರು ಏನೆಂದುಕೊಂಡಿದ್ದರು? ಯಾವ ದಿನ, ಯಾವ ಗ್ರಾಫ್ ನೋಡಿ ನಿಮಗೆ ಇದು ಬೇರೆ ಎನಿಸಿತು? ಎಷ್ಟು ಸಲ ಮರುಪರೀಕ್ಷೆ ಮಾಡಿದಿರಿ? ಏನು ಕಂಡುಬಂದರೆ ನಿಮ್ಮ ತೀರ್ಮಾನ ತಪ್ಪು ಎಂದು ಒಪ್ಪುತ್ತೀರಿ? ಕೊನೆಗೆ ಎಲ್ಲಕ್ಕಿಂತ ಉಪಯುಕ್ತ ಪ್ರಶ್ನೆ: ನಾಳೆ ಪತ್ರಿಕೆಯಲ್ಲಿ ಯಾವ ಶೀರ್ಷಿಕೆ ನೋಡಿದರೆ ನಿಮಗೆ ನಿದ್ದೆ ಬರುವುದಿಲ್ಲ?

ಈ ಕೊನೆಯ ಪ್ರಶ್ನೆಗೆ ಬಂದ ಉತ್ತರವನ್ನು ಪದಕ್ಕೆ ಪದ ಬರೆದಿಡಿ. ಕರಡು ಮುಗಿದ ಮೇಲೆ ಅದನ್ನು ಎದುರಿಗಿಟ್ಟುಕೊಂಡು, ಅವಸರದಲ್ಲಿರುವ ಒಬ್ಬ ಉಪಸಂಪಾದಕ ನಮ್ಮ ಮೊದಲ ಎರಡು ಪ್ಯಾರಾ ಮಾತ್ರ ಓದಿ ಆ ಭಯದ ಶೀರ್ಷಿಕೆ ಬರೆಯಲು ಸಾಧ್ಯವೇ ಎಂದು ನೋಡಿ. ಸಾಧ್ಯ ಎನಿಸಿದರೆ ಕರಡು ಇನ್ನೂ ಆಗಿಲ್ಲ.

ಮುದ್ರಿಸಿದ ಮಾತನ್ನು ಕೇಳುವಾಗ "ಅಂದರೆ" ಎಂಬ ಪದಕ್ಕೆ ಕಿವಿಗೊಡಿ. ವಿಜ್ಞಾನಿ ಒಂದು ಬಿಗಿಯಾದ ವಾಕ್ಯ ಹೇಳಿ, ನಿಮ್ಮ ಮುಖ ನೋಡಿ, "ಅಂದರೆ..." ಎಂದು ಶುರು ಮಾಡುತ್ತಾರಲ್ಲ, ಪ್ರಕಟಣೆಗೆ ಬೇಕಾದ ವಾಕ್ಯ ಅದರ ಬೆನ್ನಿಗೇ ಇರುತ್ತದೆ. ಅವರ ಹೆಸರಲ್ಲಿ ಉದ್ಧರಿಸಬೇಕಾದ್ದೂ ಅದನ್ನೇ. "ಈ ಫಲಿತಾಂಶದಿಂದ ನಮಗೆ ಅತೀವ ಸಂತಸವಾಗಿದೆ" ಎಂಬ ಹೇಳಿಕೆಯನ್ನು ಬರೆಯುವವರೇ ಕಟ್ಟಿ ಅವರ ಬಾಯಿಗೆ ಹಾಕುವ ಅಭ್ಯಾಸ ಬಿಡಬೇಕು. ಅದನ್ನು ಯಾವ ಪತ್ರಿಕೆಯೂ ಬಳಸುವುದಿಲ್ಲ, ಜಾಗ ದಂಡ.

ಕ್ರಿಯಾಪದದಲ್ಲಿ ಕೂತಿರುವ ಸುಳ್ಳು

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಗಾಜಿನ ತುಂಡಿಗೆ ಒಂದು ಲೇಪನ ಹಚ್ಚಿದ್ದಾರೆ. ಅದರ ಮೇಲೂ, ಲೇಪನವಿಲ್ಲದ ಇನ್ನೊಂದು ತುಂಡಿನ ಮೇಲೂ ಬ್ಯಾಕ್ಟೀರಿಯಾ ಬಿಟ್ಟಿದ್ದಾರೆ. 24 ಗಂಟೆ ಕಳೆದು ಎಣಿಸಿದಾಗ ಬರಿ ಗಾಜಿನ ಮೇಲೆ 10 ಲಕ್ಷ, ಲೇಪನದ ಮೇಲೆ 10 ಸಾವಿರ.

ಮಾರ್ಕೆಟಿಂಗ್‌ನಿಂದ ಬಂದ ಮೊದಲ ಶೀರ್ಷಿಕೆ: "ಆಸ್ಪತ್ರೆ ಸೋಂಕು ತಡೆಯುವ ಹೊಸ ಲೇಪನ." ವಿಜ್ಞಾನಿ ತಿದ್ದಿ ಕಳಿಸಿದ್ದು: "ನ್ಯಾನೋಕಣಯುಕ್ತ ಪಾಲಿಮರ್ ಲೇಪನದ ಸೂಕ್ಷ್ಮಾಣುನಿರೋಧಕ ಗುಣಲಕ್ಷಣಗಳ ಅಧ್ಯಯನ." ಮೊದಲನೆಯದು ಸುಳ್ಳು, ಎರಡನೆಯದನ್ನು ಯಾರೂ ಓದುವುದಿಲ್ಲ.

ಮೊದಲನೆಯದರಲ್ಲಿ ಸುಳ್ಳು ಎಲ್ಲೆಲ್ಲಿದೆ ನೋಡಿ. ಆಸ್ಪತ್ರೆಯಲ್ಲಿ ಯಾರೂ ಪ್ರಯೋಗ ಮಾಡಿಲ್ಲ. ಸೋಂಕು ಎಂದರೆ ಮನುಷ್ಯನ ದೇಹದಲ್ಲಿ ಆಗುವಂಥದ್ದು. ಇಲ್ಲಿ ಅಳೆದದ್ದು ಗಾಜಿನ ಮೇಲಿನ ಬ್ಯಾಕ್ಟೀರಿಯಾದ ಸಂಖ್ಯೆ. ಇನ್ನು "ತಡೆಯುವ" ಎಂಬ ಪದ. ಕನ್ನಡದಲ್ಲಿ "ತಡೆಯುವ", "ತಡೆಯುತ್ತದೆ" ಎಂದೊಡನೆ ಅದು ಯಾವಾಗಲೂ, ಎಲ್ಲ ಕಡೆಯೂ ಆಗುವ ಸಂಗತಿಯಾಗಿಬಿಡುತ್ತದೆ, ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದ ಹಾಗೆ. ಒಂದು ಪ್ರಯೋಗದಲ್ಲಿ ಕಂಡದ್ದಕ್ಕೆ ಭೂತಕಾಲವೇ ಸರಿ: "ಕಡಿಮೆ ಇದ್ದವು", "ಕಂಡುಬಂತು". ವರ್ತಮಾನವನ್ನು ಭೂತಕ್ಕೆ ತಿರುಗಿಸಿದ ಮಾತ್ರಕ್ಕೇ ಉತ್ಪ್ರೇಕ್ಷೆ ಎಷ್ಟೋ ಇಳಿಯುತ್ತದೆ.

ಹಾಗಾದರೆ "ಲೇಪನ ಶೇಕಡಾ 99 ಬ್ಯಾಕ್ಟೀರಿಯಾ ಕೊಂದಿತು" ಎನ್ನಬಹುದೇ? ಅದೂ ಆಗದು. ಹೋಲಿಕೆ ನಡೆದದ್ದು ಕೊನೆಯಲ್ಲಿ, ಎರಡು ಗಾಜುಗಳ ನಡುವೆ. ಲೇಪನದ ಮೇಲೆ ಬ್ಯಾಕ್ಟೀರಿಯಾ ಸತ್ತವೋ, ಬೆಳೆಯಲೇ ಇಲ್ಲವೋ, ಅಂಟಿಕೊಳ್ಳದೆ ಜಾರಿಹೋದವೋ ಈ ಎರಡು ಸಂಖ್ಯೆಗಳಿಂದ ತಿಳಿಯುವುದಿಲ್ಲ. "ಕೊಂದಿತು" ಎನ್ನಬೇಕಾದರೆ ಶುರುವಿನಲ್ಲಿ ಎಷ್ಟು ಬಿಟ್ಟಿದ್ದರು ಎಂಬ ಲೆಕ್ಕವಾದರೂ ಬೇಕು. ಈ ಪ್ರಶ್ನೆಯನ್ನು ಮಾರ್ಕೆಟಿಂಗ್‌ನವರು ಕೇಳಿದ ದಿನ ವಿಜ್ಞಾನಿಗೆ ಅವರ ಮೇಲೆ ಭರವಸೆ ಬರುತ್ತದೆ.

ಶೇಕಡಾ 99 ಎಂಬುದೂ ಒಂದು ಬಲೆ. ಓದುಗರ ಕಿವಿಗೆ ಅದು "ಎಲ್ಲವೂ ಹೋಯಿತು" ಎಂದೇ ಕೇಳುತ್ತದೆ. ಉಳಿದ 10 ಸಾವಿರವನ್ನು ನೋಡಿ. ಅನುಕೂಲ ಇದ್ದರೆ ಇ. ಕೋಲಿಯಂಥ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. 10 ಸಾವಿರ ಮತ್ತೆ 10 ಲಕ್ಷ ದಾಟಲು ಏಳು ಇಮ್ಮಡಿ ಸಾಕು, ಅಂದರೆ ಎರಡು ಗಂಟೆ ಇಪ್ಪತ್ತು ನಿಮಿಷ. ಸೂಕ್ಷ್ಮಜೀವಿ ತಜ್ಞರು ಶೇಕಡಾವಾರು ಬಿಟ್ಟು "ಎರಡು ಲಾಗ್ ಇಳಿಕೆ" ಎಂದು ಮಾತಾಡುವುದು ಇದಕ್ಕೇ. ಸೊನ್ನೆ ಎಷ್ಟು ಕಳೆದವು ಎಂಬ ಲೆಕ್ಕ ಅದು.

ಕೊನೆಗೆ ನಿಲ್ಲುವ ಶೀರ್ಷಿಕೆ ಹೀಗಿರಬಹುದು: "ಲೇಪನ ಹಚ್ಚಿದ ಗಾಜಿನ ಮೇಲೆ ಬರಿ ಗಾಜಿನಲ್ಲಿದ್ದದ್ದರ ನೂರನೇ ಒಂದು ಪಾಲು ಬ್ಯಾಕ್ಟೀರಿಯಾ, ಆಸ್ಪತ್ರೆಯಲ್ಲಿ ಪರೀಕ್ಷೆ ಇನ್ನು ಮುಂದೆ." ಆಸ್ಪತ್ರೆ ಎಂಬ ಪದ ಉಳಿದಿದೆ, ಅದಿಲ್ಲದೆ ಓದುಗರಿಗೆ ಇದು ಯಾಕೆ ಮುಖ್ಯ ಎಂದು ತಿಳಿಯುವುದಿಲ್ಲ. ಆದರೆ ಅದು ನಿಂತಿರುವ ಜಾಗ ನಿಜವಾದದ್ದು.

"ಬಹುದು" ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ತಿಳಿಯಬೇಡಿ. "ಕ್ಯಾನ್ಸರ್ ಗುಣವಾಗಬಹುದು" ಎಂಬುದರಲ್ಲಿ ಓದುಗರಿಗೆ ಕೇಳುವುದು ಕ್ಯಾನ್ಸರ್, ಗುಣ, ಈ ಎರಡೇ ಪದ. ಏನು ಮಾಡಿದರು, ಯಾವುದರ ಮೇಲೆ ಮಾಡಿದರು, ಎಷ್ಟರ ಮೇಲೆ ಮಾಡಿದರು ಎಂದು ಬಿಡಿಸಿ ಹೇಳಿದರೆ "ಬಹುದು" ತಾನಾಗಿಯೇ ಅನಗತ್ಯವಾಗುತ್ತದೆ.

ಉತ್ಪ್ರೇಕ್ಷೆಯನ್ನು ಪತ್ರಿಕೆಯವರ ತಲೆಗೆ ಕಟ್ಟುವುದು ರೂಢಿ. 2014ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನ ಆ ರೂಢಿಯನ್ನು ಅಲ್ಲಾಡಿಸಿತು. ಬ್ರಿಟನ್ನಿನ 20 ಪ್ರಮುಖ ವಿಶ್ವವಿದ್ಯಾಲಯಗಳು 2011ರಲ್ಲಿ ಆರೋಗ್ಯ ಮತ್ತು ಜೀವವೈದ್ಯಕೀಯ ವಿಷಯಗಳ ಮೇಲೆ ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಅವುಗಳ ಮೂಲ ಪೇಪರ್ ಮತ್ತು ಸುದ್ದಿಗಳ ಜೊತೆ ಹೋಲಿಸಿದರು. ಶೇಕಡಾ 40ರಷ್ಟು ಪ್ರಕಟಣೆಗಳಲ್ಲಿ ಪೇಪರ್‌ನಲ್ಲಿ ಇಲ್ಲದಷ್ಟು ನೇರ ಸಲಹೆ ಇತ್ತು. ಶೇಕಡಾ 33ರಲ್ಲಿ ಬರೀ ನಂಟನ್ನು ಕಾರಣವೆಂದು ಹಿಗ್ಗಿಸಲಾಗಿತ್ತು. ಪ್ರಾಣಿಗಳ ಮೇಲಿನ ಪ್ರಯೋಗವನ್ನು ಮನುಷ್ಯರಿಗೆ ಮಿತಿಮೀರಿ ಅನ್ವಯಿಸಿದ್ದು ಶೇಕಡಾ 36ರಲ್ಲಿ. ಈ ಕೊನೆಯ ಬಗೆಯ ಉತ್ಪ್ರೇಕ್ಷೆ ಪ್ರಕಟಣೆಯಲ್ಲೇ ಇದ್ದಾಗ ಶೇಕಡಾ 86ರಷ್ಟು ಸುದ್ದಿಗಳಲ್ಲೂ ಅದು ಕಾಣಿಸಿತು. ಪ್ರಕಟಣೆಯಲ್ಲಿ ಇಲ್ಲದಿದ್ದಾಗ ಶೇಕಡಾ 10ರಲ್ಲಿ ಮಾತ್ರ. ಇನ್ನೊಂದು ಮಾತು ಮಾರ್ಕೆಟಿಂಗ್‌ನವರು ಗೋಡೆಗೆ ಅಂಟಿಸಿಕೊಳ್ಳುವಂಥದ್ದು: ಉತ್ಪ್ರೇಕ್ಷೆ ಮಾಡಿದ್ದರಿಂದ ಹೆಚ್ಚು ಪತ್ರಿಕೆಗಳು ಸುದ್ದಿ ಎತ್ತಿಕೊಂಡವು ಎನ್ನಲು ಅಧ್ಯಯನ ಮಾಡಿದವರಿಗೆ ಹೆಚ್ಚಿನ ಪುರಾವೆ ಸಿಗಲಿಲ್ಲ. ಹಾಗಾಗಿ "ಇಲಿಗಳಲ್ಲಿ" ಎಂಬ ಪದ ಮೊದಲ ವಾಕ್ಯದಲ್ಲೇ ಇರಲಿ, ಆರನೇ ಪ್ಯಾರಾದಲ್ಲಿ ಬಚ್ಚಿಟ್ಟುಕೊಳ್ಳುವುದು ಬೇಡ.

ಇಮ್ಮಡಿ ಎಂದರೆ ಎಷ್ಟರ ಇಮ್ಮಡಿ

1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಹೊರಡಿಸಿತು: ಮೂರನೇ ತಲೆಮಾರಿನ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇಮ್ಮಡಿ. ಮಾತು ನಿಜವೇ. ಆದರೆ ಹಳೆಯ ಮಾತ್ರೆಯಲ್ಲಿ ಸುಮಾರು 7000 ಮಹಿಳೆಯರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಹೊಸದರಲ್ಲಿ ಇಬ್ಬರಿಗೆ ಆಗುತ್ತಿತ್ತು, ಇಮ್ಮಡಿ ಎಂದರೆ ಅಷ್ಟು. ಸುದ್ದಿ ಕೇಳಿದ ಬಹಳಷ್ಟು ಮಹಿಳೆಯರು ಮಾತ್ರೆ ನುಂಗುವುದನ್ನೇ ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜು 13 ಸಾವಿರ ಗರ್ಭಪಾತಗಳು ಹೆಚ್ಚಾದವು. ಗರ್ಭ ಧರಿಸಿದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಹೆಚ್ಚು.

ಆದ್ದರಿಂದ "ಇಮ್ಮಡಿ", "ಶೇಕಡಾ 30 ಹೆಚ್ಚು", "ಅರ್ಧಕ್ಕೆ ಇಳಿಕೆ" ಎಂದು ಎಲ್ಲೇ ಬರೆದರೂ ಅದೇ ವಾಕ್ಯದಲ್ಲಿ ಎಷ್ಟು ಜನರಲ್ಲಿ ಎಷ್ಟು, ಮೊದಲು ಎಷ್ಟು, ಈಗ ಎಷ್ಟು ಎಂದು ಬರಬೇಕು. ಛೇದ ಎರಡೂ ಕಡೆ ಒಂದೇ ಇರಲಿ: "7000ದಲ್ಲಿ ಒಬ್ಬರಿಂದ 7000ದಲ್ಲಿ ಇಬ್ಬರಿಗೆ" ಎನ್ನಿ, "7000ದಲ್ಲಿ ಒಬ್ಬರಿಂದ 3500ರಲ್ಲಿ ಒಬ್ಬರಿಗೆ" ಎಂದರೆ ಓದುಗರು ತಲೆಯಲ್ಲಿ ಭಾಗಾಕಾರ ಮಾಡುತ್ತ ಕೂರಬೇಕು. ಈ ಅಂಕಿ ಪೇಪರ್‌ನಲ್ಲಿ ನೇರವಾಗಿ ಇರದೆ ಹೋಗಬಹುದು. ಆಗ ವಿಜ್ಞಾನಿಯಿಂದ ಲೆಕ್ಕ ಮಾಡಿಸಿಕೊಳ್ಳಿ, ನೀವೇ ಮಾಡಲು ಹೋಗಬೇಡಿ.

ಒಂದೇ ಪದ, ಎರಡು ಅರ್ಥ

ವಿಜ್ಞಾನಿ "ಸಿಗ್ನಿಫಿಕೆಂಟ್" ಎಂದದ್ದನ್ನು "ಗಮನಾರ್ಹ" ಎಂದು ಕನ್ನಡಿಸಿದರೆ ಓದುಗರು ದೊಡ್ಡದು ಎಂದುಕೊಳ್ಳುತ್ತಾರೆ. ಅವರು ಹೇಳಿದ್ದು, ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ಇಂಥ ಫಲಿತಾಂಶ ಬರುವುದು ಅಪರೂಪ ಎಂದು. ವ್ಯತ್ಯಾಸ ತೀರಾ ಚಿಕ್ಕದೂ ಇರಬಹುದು. "ಎರರ್" ಎಂಬುದಕ್ಕೆ "ದೋಷ" ಎಂದು ಬರೆದರೆ ಯಾರೋ ತಪ್ಪು ಮಾಡಿದ ಹಾಗೆ ಕೇಳುತ್ತದೆ. ಅದು ಅಳತೆಯಲ್ಲಿ ಇದ್ದೇ ಇರುವ ಏರಿಳಿತ. "ಅನಿಶ್ಚಿತತೆ ಇದೆ" ಎಂದರೆ ಏನೂ ಗೊತ್ತಿಲ್ಲ ಎಂದಾಗುತ್ತದೆ; "ಇಷ್ಟರಿಂದ ಇಷ್ಟರೊಳಗೆ" ಎಂದು ಎರಡು ಅಂಕಿ ಕೊಟ್ಟರೆ ಎಷ್ಟು ಗೊತ್ತಿದೆ ಎಂಬುದೇ ಕಾಣುತ್ತದೆ. ಹವಾಮಾನದವರು "ಪಾಸಿಟಿವ್ ಫೀಡ್‌ಬ್ಯಾಕ್" ಎನ್ನುವುದು ಬಿಸಿ ಇನ್ನಷ್ಟು ಬಿಸಿಯನ್ನು ತರುವ ಸುಳಿಗೆ, ಹೊಗಳಿಕೆಗೆ ಅಲ್ಲ.

ಪ್ರತಿ ಪ್ರಯೋಗಾಲಯದ ಜೊತೆಗೂ ಇಂಥ ಇಪ್ಪತ್ತು ಪದಗಳ ಒಂದು ಹಾಳೆ ಮಾಡಿಟ್ಟುಕೊಳ್ಳಿ: ಅವರು ಬಳಸುವ ಪದ, ಅದರ ಅರ್ಥ ಒಂದು ಸಾಲಿನಲ್ಲಿ, ನಾವು ಬರೆಯುವ ಪದ. ನಿಘಂಟಿನಲ್ಲಿ ಸಿಕ್ಕ ಸಂಸ್ಕೃತ ಸಮಾಸಕ್ಕಿಂತ ಜನರ ಬಾಯಲ್ಲಿರುವ ಇಂಗ್ಲಿಷ್ ಪದವೇ ಎಷ್ಟೋ ಸಲ ವಾಸಿ. ಡಿಎನ್‌ಎ, ವೈರಸ್, ಪ್ರೋಟೀನ್ ಇವನ್ನು ಹಾಗೇ ಬಿಡಿ.

ಚಿತ್ರ ಮತ್ತು ವಿಡಿಯೊ

ಪೇಪರ್‌ನ ಗ್ರಾಫನ್ನು ಹಾಗೇ ತಂದು ಅಂಟಿಸುವುದು ಎರಡು ಕಾರಣಕ್ಕೆ ಬೇಡ. ಹಕ್ಕು ಜರ್ನಲ್‌ನದಾಗಿರಬಹುದು, ಸಿಸಿ ಬೈ ಎಂಬ ಮುಕ್ತ ಪರವಾನಗಿ ಇದ್ದರೆ ಹೆಸರು ಹೇಳಿ ಬಳಸಬಹುದು, ಇಲ್ಲದಿದ್ದರೆ ಅನುಮತಿ ಬೇಕು. ಎರಡನೆಯದಾಗಿ ಅದನ್ನು ಮಾಡಿದ್ದು ಪರಿಣತರಿಗೆ. ಆರು ಚೌಕಗಳ ಚಿತ್ರದಲ್ಲಿ ಒಂದನ್ನು ಆರಿಸಿ, ಅಕ್ಷಗಳಿಗೆ ಪೂರ್ತಿ ಹೆಸರು ಬರೆದು, ನೋಡಬೇಕಾದ ಜಾಗಕ್ಕೆ ಒಂದು ಬಾಣ ಹಾಕಿ ಮತ್ತೆ ಬರೆಸಿ. ಕಾಮನಬಿಲ್ಲಿನ ಬಣ್ಣಗಳಲ್ಲಿರುವ ನಕ್ಷೆ ಬಂದರೆ ವಾಪಸ್ ಕಳಿಸಿ. ಹಳದಿ ಪಟ್ಟಿ ಎದ್ದು ಕಾಣುವುದರಿಂದ ದತ್ತಾಂಶದಲ್ಲಿ ಇಲ್ಲದ ಗಡಿ ಅಲ್ಲಿ ಇದ್ದಂತೆ ತೋರುತ್ತದೆ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಹನ್ನೆರಡಕ್ಕೆ ಒಬ್ಬರಿಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ, ಬೇರೆ ಜನಸಮೂಹಗಳಲ್ಲೂ ಇಂಥವರು ಇದ್ದೇ ಇದ್ದಾರೆ. ವಿರಿಡಿಸ್ ಎಂಬ ಬಣ್ಣದ ಸರಣಿ ಈ ಎರಡೂ ತೊಂದರೆ ಇಲ್ಲದಂತೆ ಮಾಡಿದ್ದು; 2017ರ ಎರಡನೇ ಆವೃತ್ತಿಯಿಂದ ಗ್ರಾಫ್ ಬರೆಯುವ ತಂತ್ರಾಂಶ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಅದೇ ಮೂಲ ಆಯ್ಕೆ. ಚಿತ್ರದ ಮೇಲೆ ಅಕ್ಷರ ಹಾಕುವಾಗ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ಅಂತರ ಇರಲಿ.

ವಿಡಿಯೊದಲ್ಲಿ ಕೆಡುವುದು ಚಿತ್ರಕ್ಕಿಂತ ಹೆಚ್ಚಾಗಿ ಧ್ವನಿ. ಮೈನಸ್ 80 ಡಿಗ್ರಿಯ ಫ್ರೀಜರ್, ಹೊಗೆ ಹೀರುವ ಗೂಡಿನ ಫ್ಯಾನ್, ಸೆಂಟ್ರಿಫ್ಯೂಜ್, ಇವುಗಳ ಗುಂಯ್ ಶಬ್ದ ಅಲ್ಲೇ ಕೆಲಸ ಮಾಡುವವರ ಕಿವಿಗೆ ಬೀಳುವುದೇ ಇಲ್ಲ, ಮೈಕಿಗೆ ಬೀಳುತ್ತದೆ. ಫ್ರೀಜರ್ ಆರಿಸುವಂತಿಲ್ಲ. ಆದ್ದರಿಂದ ಮಾತನ್ನು ಬೇರೆ ಕೋಣೆಯಲ್ಲಿ, ಗದ್ದದಿಂದ ಒಂದು ಗೇಣು ಕೆಳಗೆ ಕಾಲರ್ ಮೈಕ್ ಸಿಕ್ಕಿಸಿ ಹಿಡಿಯಿರಿ. ಪ್ರಯೋಗಾಲಯದ ದೃಶ್ಯಗಳನ್ನು ಬೇರೆಯಾಗಿ ತೆಗೆದು ಮೇಲೆ ಜೋಡಿಸಿ. ಕ್ಯಾಮೆರಾ ಚಾಲೂ ಮಾಡುವ ಮುಂಚೆ ಹಿಂದಿನ ಬಿಳಿಹಲಗೆಯ ಮೇಲೆ ಪ್ರಕಟವಾಗದ ಲೆಕ್ಕ ಇದೆಯೇ, ಕಂಪ್ಯೂಟರ್ ಪರದೆಯಲ್ಲಿ ರೋಗಿಯ ಹೆಸರು ಇದೆಯೇ, ಎಲ್ಲರೂ ಸುರಕ್ಷತಾ ಕನ್ನಡಕ, ಕೈಗವಸು ಹಾಕಿದ್ದಾರೆಯೇ ನೋಡಿ. ಅಪರೂಪದ ಗಿಡ ಅಥವಾ ಪ್ರಾಣಿಯ ಫೋಟೊ ಆದರೆ ಕಡತದೊಳಗೆ ಅಡಗಿರುವ ಜಿಪಿಎಸ್ ಗುರುತನ್ನು ಅಳಿಸಿಯೇ ಹಾಕಿ, ಕಳ್ಳಬೇಟೆಯವರಿಗೆ ಅದು ದಾರಿ ತೋರಿಸುತ್ತದೆ. ಯಂತ್ರ ತಾನಾಗಿ ಹಾಕುವ ಅಡಿಬರಹ ವಿಜ್ಞಾನದ ಪದಗಳಲ್ಲಿ ಎಡವುತ್ತದೆ, ಅದನ್ನು ಪದ ಪದವಾಗಿ ಓದಿ ತಿದ್ದಬೇಕು.

ಕುತೂಹಲ ಹುಟ್ಟಿಸುವ ಒಂದು ಸಾಲು

2010ರ ನವೆಂಬರ್ 29ರಂದು ನಾಸಾ ಪತ್ರಕರ್ತರಿಗೆ ಒಂದು ಆಮಂತ್ರಣ ಕಳಿಸಿತು. ಭೂಮಿಯಾಚೆಯ ಜೀವದ ಪುರಾವೆಯ ಹುಡುಕಾಟದ ಮೇಲೆ ಪರಿಣಾಮ ಬೀರುವ ಒಂದು ಶೋಧದ ಬಗ್ಗೆ ಪತ್ರಿಕಾಗೋಷ್ಠಿ ಎಂದು ಅದರಲ್ಲಿತ್ತು. ಅನ್ಯಗ್ರಹದ ಜೀವಿ ಸಿಕ್ಕೇಬಿಟ್ಟಿದೆ ಎಂಬ ಗುಲ್ಲು ಎದ್ದಿತು. ಡಿಸೆಂಬರ್ 2ರಂದು ತೋರಿಸಿದ್ದು ಕ್ಯಾಲಿಫೋರ್ನಿಯಾದ ಮೋನೋ ಸರೋವರದ ಒಂದು ಬ್ಯಾಕ್ಟೀರಿಯಾ. ರಂಜಕದ ಜಾಗದಲ್ಲಿ ಆರ್ಸೆನಿಕ್ ಬಳಸಿ ಅದು ಬೆಳೆಯುತ್ತದೆ ಎಂಬುದು ಸೈನ್ಸ್ ಪತ್ರಿಕೆಯಲ್ಲಿ ಬಂದ ಪೇಪರ್‌ನ ವಾದ. ಟೀಕೆಗಳು ಕೂಡಲೇ ಬಂದವು. 2012ರಲ್ಲಿ ಸೈನ್ಸ್ ಪತ್ರಿಕೆಯೇ ಅದನ್ನು ಅಲ್ಲಗಳೆಯುವ ಎರಡು ಪೇಪರ್ ಪ್ರಕಟಿಸಿತು. 2025ರಲ್ಲಿ, ಲೇಖಕರು ಒಪ್ಪದಿದ್ದರೂ, ಮೂಲ ಪೇಪರನ್ನು ಹಿಂತೆಗೆಯಿತು.

ಆಮಂತ್ರಣದ ಆ ಸಾಲಿನಲ್ಲಿ ಅಕ್ಷರಶಃ ಸುಳ್ಳು ಇರಲಿಲ್ಲ. ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಅದರ ಮಹತ್ವವನ್ನು ಮಾತ್ರ ಹೇಳಿದ್ದು ತೊಂದರೆಯಾಯಿತು. ಖಾಲಿ ಬಿಟ್ಟ ಜಾಗವನ್ನು ಓದುಗರು ತಮ್ಮ ಆಸೆಯಿಂದ ತುಂಬಿಕೊಳ್ಳುತ್ತಾರೆ, ಆಮೇಲೆ ನಿಜ ಎಷ್ಟೇ ಚೆನ್ನಾಗಿದ್ದರೂ ಸಪ್ಪೆ ಎನಿಸುತ್ತದೆ. ಮುನ್ಸೂಚನೆ ಕೊಡಲೇಬೇಕಾದರೆ ಯಾವ ವಸ್ತುವಿನ ಬಗ್ಗೆ ಎಂದು ಹೇಳಿ: ಬ್ಯಾಕ್ಟೀರಿಯಾವೋ, ಕಲ್ಲೋ, ನಕ್ಷತ್ರವೋ.

ಪ್ರಕಟವಾದ ಮೇಲೆ

ಮೊದಲ 48 ಗಂಟೆ ವಿಜ್ಞಾನಿ ಕರೆಗೆ ಸಿಗಬೇಕು. ಆ ದಿನ ಅವರು ವಿಮಾನದಲ್ಲಿ ಇರುತ್ತಾರೆ ಎಂದಾದರೆ ಮಾತಾಡಬಲ್ಲ ಇನ್ನೊಬ್ಬ ಸಹಲೇಖಕರನ್ನು ಮೊದಲೇ ಗೊತ್ತು ಮಾಡಿ. ಹಿಂದಿನ ದಿನ ಅರ್ಧ ಗಂಟೆ ತಾಲೀಮು ಮಾಡಿಸಿ. ಇದರಿಂದ ಜನರಿಗೇನು ಉಪಯೋಗ, ಯಾವಾಗ ಮಾರುಕಟ್ಟೆಗೆ ಬರುತ್ತದೆ, ಇದರಲ್ಲಿ ಅಪಾಯ ಇಲ್ಲವೇ, ಈ ಮೂರು ಪ್ರಶ್ನೆ ಬಂದೇ ಬರುತ್ತವೆ. "ಗೊತ್ತಿಲ್ಲ" ಎನ್ನಲು ಅವರಿಗೆ ಧೈರ್ಯ ಕೊಡಿ, ಜೊತೆಗೆ ಅದನ್ನು ತಿಳಿಯಲು ಯಾವ ಪ್ರಯೋಗ ಬೇಕು ಎಂದು ಹೇಳುವುದನ್ನೂ ರೂಢಿ ಮಾಡಿಸಿ.

ವಿಷಯ ಲಸಿಕೆ, ಹವಾಮಾನ, ಆಹಾರ, ಇಂಥದ್ದಾದರೆ ಬೈಗುಳ ಬರುತ್ತದೆ, ಮಹಿಳಾ ವಿಜ್ಞಾನಿಗಳಿಗೆ ಇನ್ನೂ ಕೀಳಾಗಿ ಬರುತ್ತದೆ. ಅವರ ಸ್ವಂತ ಫೋನ್ ನಂಬರನ್ನು ಪ್ರಕಟಣೆಯ ಕೊನೆಯಲ್ಲಿ ಹಾಕಬೇಡಿ, ಮಾರ್ಕೆಟಿಂಗ್ ವಿಭಾಗದ ನಂಬರ್ ಹಾಕಿ. ಮೊದಲ ವಾರ ಪ್ರತಿಕ್ರಿಯೆಗಳನ್ನು ತಂಡದವರೇ ಓದಿ, ಪ್ರಶ್ನೆಗಳನ್ನು ಮಾತ್ರ ಆರಿಸಿ ಅವರಿಗೆ ಕೊಡಿ. ಬೆದರಿಕೆ ಬಂದರೆ ಅಳಿಸುವ ಮುಂಚೆ ಪ್ರತಿ ತೆಗೆದಿಡಿ. ಯಾರಿಗೆ ದೂರು ಕೊಡಬೇಕು ಎಂಬುದು ಪ್ರಕಟಣೆಯ ಮುಂಚೆಯೇ ನಿರ್ಧಾರವಾಗಿರಲಿ. ವಿಜ್ಞಾನಿಯನ್ನು ಎಲ್ಲರ ಮುಂದೆ ನಿಲ್ಲಿಸಿ ಆಮೇಲೆ ಒಂಟಿ ಬಿಡುವ ಸಂಸ್ಥೆಗೆ ಅವರು ಎರಡನೇ ಸಲ ಮಾತು ಕೊಡುವುದಿಲ್ಲ.

ತಪ್ಪು ಕಂಡುಬಂದರೆ ಸದ್ದಿಲ್ಲದೆ ಬದಲಿಸಬೇಡಿ. ಮೇಲುಗಡೆಯೇ ದಿನಾಂಕ ಹಾಕಿ, ಏನಿತ್ತು, ಏನಾಯಿತು ಎಂದು ಬರೆಯಿರಿ. ಪೇಪರ್ ಹಿಂತೆಗೆತವಾದರೆ ನಮ್ಮ ಹಳೆಯ ಸುದ್ದಿಯ ನೆತ್ತಿಯ ಮೇಲೂ ಆ ಸೂಚನೆ ಬರಬೇಕು. ಜರ್ನಲ್ ಹಿಂತೆಗೆದುಕೊಂಡ ವರ್ಷಗಳ ನಂತರವೂ ಸಂಸ್ಥೆಯ ಪುಟ ಸಂಭ್ರಮಿಸುತ್ತಲೇ ಇರುವುದು ಅಪರೂಪವಲ್ಲ.

ಎಷ್ಟು ಜನ ನೋಡಿದರು ಎಂಬ ಅಂಕಿಯಿಂದ ಕೆಲಸ ಹೇಗಾಯಿತು ಎಂದು ತಿಳಿಯುವುದಿಲ್ಲ. ಒಂದು ಪೇಪರ್ ಬಗ್ಗೆ ಸುದ್ದಿಯಲ್ಲಿ, ಸಾಮಾಜಿಕ ಜಾಲತಾಣದಲ್ಲಿ ಎಷ್ಟು ಮಾತು ನಡೆಯಿತು ಎಂದು ಎಣಿಸುವ ಆಲ್ಟ್‌ಮೆಟ್ರಿಕ್ ಅಂಕ ಅಳೆಯುವುದೂ ಗಮನವನ್ನೇ; ಜನ ಹೊಗಳಿದರೋ ಛೀಮಾರಿ ಹಾಕಿದರೋ ಅದು ಹೇಳುವುದಿಲ್ಲ. ಒಂದು ವಾರ ಬಿಟ್ಟು, ಬಂದ ಸುದ್ದಿಗಳಲ್ಲಿ ಹತ್ತನ್ನು ತೆಗೆದುಕೊಂಡು ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಯಾವುದರ ಮೇಲೆ ಪ್ರಯೋಗ ನಡೆಯಿತು ಎಂಬುದು ಬಂದಿದೆಯೇ, ಎಷ್ಟರ ಮೇಲೆ ನಡೆಯಿತು ಎಂಬುದು ಬಂದಿದೆಯೇ, ಮುಖ್ಯ ಅಂಕಿ ಸರಿಯಾಗಿ ಬಂದಿದೆಯೇ, ಮಿತಿಯ ಒಂದು ವಾಕ್ಯವಾದರೂ ಬಂದಿದೆಯೇ. ವಿಜ್ಞಾನಿಯ ಜೊತೆ ಕೂತು ತುಂಬಿಸಿ, ಹತ್ತು ಸುದ್ದಿಗೆ ಅರ್ಧ ಗಂಟೆ ಹಿಡಿಯುತ್ತದೆ. ಯಾವ ಕಾಲಂ ಹೆಚ್ಚು ಖಾಲಿ ಬಿದ್ದಿದೆಯೋ ಆ ಮಾಹಿತಿ ಅದೇ ಪ್ರಯೋಗಾಲಯದ ಮುಂದಿನ ಪ್ರಕಟಣೆಯಲ್ಲಿ ಮೊದಲ ಎರಡು ವಾಕ್ಯದೊಳಗೆ ಬರಬೇಕು.